ಮೀನು ಟೀವಿಯಲ್ಲಿದೆ, ತೆಪ್ಪದವನೆಲ್ಲಿ?

ಟೀವಿಯಲ್ಲಿ ಮೀನು ಹಿಡಿಯುವವನು ಮೀನು ತಿನ್ನುವುದಿಲ್ಲ! ಗಂಟೆಗಟ್ಟಲೆ ಗಾಳ ಹಾಕಿ ಕೂತು, ಆಳುದ್ದದ ಮೀನನ್ನು ದಡಕ್ಕೆಳೆದು, ಎರಡು ಕೈಯಲ್ಲಿ ಎತ್ತಿ ಕ್ಯಾಮೆರಾಕ್ಕೆ ತೋರಿಸಿ, ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಮೆಲ್ಲಗೆ ನೀರಿಗೆ ಬಿಟ್ಟುಬಿಡುತ್ತಾನೆ. ಮೀನು ಅಂದರೆ ಸಾರು, ಮುದ್ದೆ, ಭಾನುವಾರ ಎಂದು ತಿಳಿದಿರುವ ಕಾವೇರಿ ತೀರದ ಜನಕ್ಕೆ ಇದು ತಮಾಷೆಯಾಗಿ ಕಾಣುವುದು ಸಹಜ. 'ಹಿಡಿದದ್ದನ್ನ ಬಿಡೋಕೆ ಅಷ್ಟು ದೂರ ಹೋಗ್ಬೇಕಾ ಸ್ವಾಮಿ?' ಎಂದು ಕೇಳುತ್ತಾರೆ. ಕೇಳುತ್ತಲೇ ನೋಡುತ್ತಾರೆ. ಭಾಷೆ ಬರದಿದ್ದರೂ ನೋಡುತ್ತಾರೆ. ದಾರ ಬಿಗಿದು ಕಡ್ಡಿ ಬಾಗಿದಾಗ ಹಳ್ಳಿಯವನಿಗೂ ಸಾಹೇಬನಿಗೂ ಎದೆ ಹೊಡೆದುಕೊಳ್ಳುವುದು ಒಂದೇ ರೀತಿ.

ನೋಡುವುದು ತಪ್ಪಲ್ಲ. ಆದರೆ ಈ ಕಾರ್ಯಕ್ರಮಗಳು ತೋರಿಸುವುದೇನು, ತೋರಿಸದೆ ಬಿಡುವುದೇನು ಎಂಬುದನ್ನು ನದಿ ದಂಡೆಯ ಜಿಲ್ಲೆಯವರಾದರೂ ಸ್ವಲ್ಪ ಯೋಚಿಸಬೇಕು. ಯಾಕೆಂದರೆ ಆ ಮೀನಿನ ಕಥೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ಇಲ್ಲೇ, ಮಳವಳ್ಳಿ ತಾಲ್ಲೂಕಿನ ಕಾಡಂಚಿನಲ್ಲಿ.

ಚುಟ್ಟಾ ಸೇದುವ ಅಜ್ಜನಿಂದ ರಾಕ್ಷಸ ಮೀನಿನವರೆಗೆ

ಟೀವಿಯಲ್ಲಿ ಮೀನು ಹಿಡಿಯುವುದು ಇಂದು ನಿನ್ನೆಯದಲ್ಲ. ಇಂಗ್ಲೆಂಡಿನಲ್ಲಿ ಜ್ಯಾಕ್ ಹಾರ್‌ಗ್ರೀವ್ಸ್ ಎಂಬಾತ 'ಔಟ್ ಆಫ್ ಟೌನ್' ಎಂಬ ಕಾರ್ಯಕ್ರಮವನ್ನು 1981ರವರೆಗೆ ಸುಮಾರು ಎರಡು ದಶಕ ನಡೆಸಿದ. ಬಾಯಲ್ಲಿ ಪೈಪು, ಹಿಂದೆ ಹಳೇ ಸಾಮಾನಿನ ಕೊಟ್ಟಿಗೆ. ಜಗಲಿಯಲ್ಲಿ ಚುಟ್ಟಾ ಸೇದುತ್ತ ಮಾತಾಡುವ ಅಜ್ಜನ ಧಾಟಿ. ಮೀನು ಅವನಿಗೊಂದು ನೆಪ. ಮಾತು ಹಳ್ಳಿಯದು, ಕಸುಬಿನದು, ಕಳೆದುಹೋಗುತ್ತಿರುವ ಕಾಲದ್ದು.

ಅಮೆರಿಕದಲ್ಲಿ ಬಿಲ್ ಡ್ಯಾನ್ಸ್ 1968ರಲ್ಲಿ ಮೆಂಫಿಸ್‌ನ ಸ್ಥಳೀಯ ಟೀವಿಯಲ್ಲಿ ಶುರುಮಾಡಿದ. ತಲೆಗೆ ಟೆನೆಸ್ಸೀ ವಿಶ್ವವಿದ್ಯಾಲಯದ ಟೋಪಿ. ಸ್ಪರ್ಧೆಗಳಲ್ಲಿ ಗೆದ್ದ ಹುರಿಯಾಳು. ದೋಣಿಯಿಂದ ಬಿದ್ದದ್ದು, ಕಡ್ಡಿ ಮುರಿದದ್ದು ಎಲ್ಲವನ್ನೂ ಮುಚ್ಚಿಡದೆ ತೋರಿಸಿ ಜನರನ್ನು ನಗಿಸಿದ. 1986ರಲ್ಲಿ ಇಂಗ್ಲೆಂಡಿನ ಆಂಗ್ಲಿಯಾ ಟೀವಿಯಲ್ಲಿ ಜಾನ್ ವಿಲ್ಸನ್ ಬಂದ. ಮೊದಲು ಕ್ಷೌರಿಕ, ಆಮೇಲೆ ನಾರಿಚ್ ಊರಿನಲ್ಲಿ ಗಾಳದ ಸಾಮಾನಿನ ಅಂಗಡಿಯವನು. ಅವನ ಗಹಗಹ ನಗುವೇ ಒಂದು ಆಕರ್ಷಣೆ. ಆಸ್ಟ್ರೇಲಿಯಾದಲ್ಲಿ ರೆಕ್ಸ್ ಹಂಟ್. ಪೊಲೀಸಾಗಿದ್ದವನು, ಫುಟ್‌ಬಾಲ್ ಆಡಿದವನು. ಹಿಡಿದ ಮೀನಿಗೆ ಮುತ್ತಿಟ್ಟು ನೀರಿಗೆ ಬಿಟ್ಟು ಮನೆಮಾತಾದ.

ಇವರೆಲ್ಲರನ್ನೂ ಮೀರಿಸಿ ಇಲ್ಲಿನ ಮನೆಮನೆಗೂ ಬಂದವನು ಜೆರೆಮಿ ವೇಡ್. ಅನಿಮಲ್ ಪ್ಲಾನೆಟ್ ಚಾನೆಲ್ಲಿನ 'ರಿವರ್ ಮಾನ್‌ಸ್ಟರ್ಸ್' 2009ರಿಂದ 2017ರವರೆಗೆ ನಡೆಯಿತು. ಬೆಳ್ಳಗಿನ ಕೂದಲು, ತಗ್ಗಿದ ದನಿ, ಪತ್ತೇದಾರನ ನಡೆ. ಹೊಳೆಯಲ್ಲಿ ಯಾರನ್ನೋ ಏನೋ ಎಳೆದುಕೊಂಡು ಹೋಯಿತಂತೆ ಎಂಬಲ್ಲಿಂದ ಕಥೆ ಶುರು; ಕೊನೆಗೆ ಅದು ಇಂಥ ಮೀನು ಎಂದು ಅವನ ತೋಳಿನ ಮೇಲೆ ಮಲಗುವುದರೊಂದಿಗೆ ಮುಕ್ತಾಯ. ಭಾರತ ನೇಪಾಳದ ಗಡಿಯಲ್ಲಿ ಹರಿಯುವ ಕಾಳೀ ನದಿಯಲ್ಲಿ ಸುಮಾರು 73 ಕಿಲೋ ತೂಕದ ಗೂಂಚ್ ಮೀನನ್ನು ಎಳೆದದ್ದು ಅವನ ಮೊದಲ ಪ್ರತಾಪಗಳಲ್ಲೊಂದು.

ಈತ ಬರೀ ಬಾಯಿಬಡುಕನಲ್ಲ ಎಂಬುದನ್ನೂ ಹೇಳಬೇಕು. ಪ್ರಾಣಿಶಾಸ್ತ್ರ ಓದಿದವನು, ಮೇಷ್ಟ್ರಾಗಿದ್ದವನು. ಟೀವಿಯ ಹೆಸರೇ ಇಲ್ಲದ ಕಾಲದಲ್ಲಿ, 1982ರಲ್ಲಿ, ಕೈಯಲ್ಲಿ ಅಷ್ಟಿಷ್ಟು ಕಾಸಿಟ್ಟುಕೊಂಡು ಭಾರತಕ್ಕೆ ಬಂದದ್ದೇ ಮಹಶೀರ್ ಮೀನಿನ ಆಸೆಗೆ. ಹೋದ ಕಡೆಯೆಲ್ಲ ಊರವರನ್ನು ಕೂರಿಸಿಕೊಂಡು ಕೇಳುತ್ತಾನೆ, ಕೇಳಿದ್ದನ್ನು ನಂಬುತ್ತಾನೆ. ಅಷ್ಟರಮಟ್ಟಿಗೆ ಉಳಿದವರಿಗಿಂತ ವಾಸಿ.

ಕತ್ತರಿಗೆ ಸಿಕ್ಕಿದ್ದೇನು?

ಆದರೆ ಈ ಕಸುಬಿನ ಗುಟ್ಟು ಇರುವುದು ಗಾಳದಲ್ಲಲ್ಲ, ಕತ್ತರಿಯಲ್ಲಿ. ಮೀನು ಹಿಡಿಯುವುದೆಂದರೆ ಮುಕ್ಕಾಲು ಪಾಲು ಕಾಯುವುದು. ಬೆಸ್ತರ ಮನೆಯ ಹುಡುಗನಿಗೂ ಇದು ಗೊತ್ತು. ವಾರಗಟ್ಟಲೆ ಕಾದದ್ದನ್ನು ಟೀವಿಯವರು ಮುಕ್ಕಾಲು ಗಂಟೆಗೆ ಇಳಿಸಬೇಕು. ಹಾಗೆ ಇಳಿಸುವಾಗ ಮೊದಲು ಕತ್ತರಿಗೆ ಸಿಕ್ಕುವುದು ಕಾಯುವುದು. ಅದು ಹೋಗಲಿ. ಎರಡನೆಯದಾಗಿ ಸಿಕ್ಕುವುದು ಹೊಳೆ. ಮೂರನೆಯದಾಗಿ ಸಿಕ್ಕುವುದು ತೆಪ್ಪದವನು.

ಯಾವ ಮಡುವಿನಲ್ಲಿ ಮೀನಿದೆ, ನೀರು ಎಷ್ಟು ಇಳಿದರೆ ಅದು ಬಂಡೆ ಬಿಟ್ಟು ಹೊರಗೆ ಬರುತ್ತದೆ, ಯಾವ ಎರೆಗೆ ಬಾಯಿ ಹಾಕುತ್ತದೆ ಎಂಬುದೆಲ್ಲ ವಿಮಾನದಲ್ಲಿ ಬಂದಿಳಿದವನಿಗೆ ಹೇಗೆ ಗೊತ್ತಾಗಬೇಕು? ಹೇಳಿಕೊಟ್ಟವನೊಬ್ಬ ಇರುತ್ತಾನೆ. ಹುಟ್ಟು ಹಾಕಿದವನೂ ಅವನೇ, ಬಂಡೆಗೆ ಸಿಕ್ಕಿದ ದಾರ ಬಿಡಿಸಲು ಎದೆಮಟ್ಟ ನೀರಿಗಿಳಿದವನೂ ಅವನೇ. ಪಟ ತೆಗೆಯುವಾಗ ಅವನು ಅಂಚಿನಲ್ಲಿ ನಿಂತಿರುತ್ತಾನೆ. ಹೆಸರು ಬಂದರೆ ಬಂತು, ಇಲ್ಲದಿದ್ದರೆ 'ಲೋಕಲ್ ಗೈಡ್'. ದಾಖಲೆ ಮಾತ್ರ ಕಡ್ಡಿ ಹಿಡಿದವನ ಹೆಸರಿಗೆ!

ರಾಗಿ ಉಂಡೆಯ ಕಥೆ

ಈಗ ಕಾವೇರಿಗೆ ಬರೋಣ. ತೀರದ ಜನ ಬಿಳಿಮೀನು ಎನ್ನುವ ಮಹಶೀರ್ ಮೀನಿನ ಖ್ಯಾತಿ ಹಳೆಯದು. 1946ರ ಮಾರ್ಚಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು, ಅಂದರೆ 54 ಕಿಲೋ ತೂಗುವ ಮೀನು ಹಿಡಿದರು. ಹುಲಿ ಚಿರತೆಗಳಿಗೆ ಹುಲ್ಲು ತುಂಬಿ ನಿಲ್ಲಿಸುವ ಕಸುಬಿನಲ್ಲಿ ಲೋಕಪ್ರಸಿದ್ಧರಾಗಿದ್ದ ಮನೆತನ ಅದು. ಗಾಳದವರು ಇವತ್ತಿಗೂ ಆ ತೂಕವನ್ನು ಜಪ ಮಾಡುತ್ತಾರೆ.

ಆಮೇಲೆ ಮೂವತ್ತು ವರ್ಷ ಆ ಹೆಸರು ಮಂಕಾಯಿತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ತರುಣರು ಬಂದು ಇದೇ ಕಾವೇರಿಯಲ್ಲಿ ಭಾರೀ ಮೀನು ಹಿಡಿದರು ನೋಡಿ, ಸುದ್ದಿ ಹೊರದೇಶಕ್ಕೆ ಹೋಯಿತು. 1972ರಲ್ಲಿ ಹುಟ್ಟಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲು ಹಾಕಿತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಕಳಿ, ಗಾಳಿಬೋರೆಗಳಲ್ಲಿ ಕ್ಯಾಂಪು ನಡೆಸಿತು. ಸಾಹೇಬರು ಬಂದರು, ಅವರ ಹಿಂದೆ ಕ್ಯಾಮೆರಾಗಳೂ ಬಂದವು. ಹಿಡಿದ ಮೀನನ್ನು ತೂಗಿ, ಬರೆದು, ನೀರಿಗೇ ಬಿಡಬೇಕು ಎಂಬುದು ಕಟ್ಟಳೆ.

ಸಾಹೇಬರ ಪೆಟ್ಟಿಗೆಯಲ್ಲಿ ಸಾವಿರಾರು ರೂಪಾಯಿಯ ರೀಲು, ದಾರ, ಕಡ್ಡಿ ಎಲ್ಲ ಇತ್ತು. ಮೀನು ಬಾಯಿ ಹಾಕಿದ್ದು ಯಾವುದಕ್ಕೆ? ರಾಗಿ ಹಿಟ್ಟನ್ನು ಕಲಸಿ ಬೇಯಿಸಿ ಕಟ್ಟಿದ ಉಂಡೆಗೆ! ಆ ಉಂಡೆ ಕಟ್ಟಿದವರು ಅಕ್ಕಪಕ್ಕದ ಹಳ್ಳಿಯ ಜನ. ಅವರಲ್ಲಿ ಕೆಲವರು ಹಿಂದೆ ರಾತ್ರೋರಾತ್ರಿ ಬಲೆ ಬಿಟ್ಟವರು, ಮಡುವಿಗೆ ಸಿಡಿಮದ್ದು ಎಸೆದವರು. ಅವರನ್ನೇ ಕರೆದು ಸಂಬಳ ಕೊಟ್ಟು ಗೈಡ್ ಮಾಡಿದ್ದು, ಕಾವಲಿಗೆ ನಿಲ್ಲಿಸಿದ್ದು ಆ ಕ್ಯಾಂಪುಗಳ ನಿಜವಾದ ಸಾಧನೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ ಎಂದು ಆಡಿಕೊಂಡವರೂ ಇರಬಹುದು. ಆದರೆ ಕಳ್ಳದಾರಿ ಗೊತ್ತಿದ್ದವನಷ್ಟು ಚೆನ್ನಾಗಿ ಕಾಯುವವರು ಯಾರಿದ್ದಾರೆ?

ಟೀವಿಯವರಿಗೆ ಇದಕ್ಕಿಂತ ದೊಡ್ಡ ಕಥೆ ಬೇಕಿತ್ತೇ? ಆದರೆ ಅವರು ಮೀನಿನ ತೂಕ ಕೇಳಿದರು. ಈ ಮನುಷ್ಯರ ತೂಕ ಕೇಳಲಿಲ್ಲ.

ಲೆಕ್ಕದ ಪುಸ್ತಕ ಹೇಳಿದ ಸತ್ಯ

ಈ ಹೊಳೆಯ ಭಾಗ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದ್ದು. ಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ವ್ಯಾಖ್ಯಾನ ಬಂದು, 2010ರ ದಶಕದ ಆರಂಭದಲ್ಲಿ ಗಾಳದ ಆಟ ನಿಂತಿತು. ಕಾನೂನು ಕಾನೂನೇ. ಆದರೆ ಸಾಹೇಬರು ಬೇರೆ ಹೊಳೆ ಹುಡುಕಿಕೊಂಡು ಹೋದರು, ಟೀವಿಯವರು ಬೇರೆ ದೇಶಕ್ಕೆ ಹೋದರು. ಗೈಡ್ ಕೆಲಸ ನಂಬಿದ್ದ ತೆಪ್ಪದವನು ಎಲ್ಲಿಗೆ ಹೋಗಬೇಕು? ಅವನ ಗಾಳದ ವಿದ್ಯೆಗೆ ಬೇರೆ ಪೇಟೆ ಎಲ್ಲಿದೆ?

ಇಲ್ಲೊಂದು ಮುಖ್ಯ ಸಂಗತಿ. ಗಾಳಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕ ಬರೆದಿಟ್ಟಿದ್ದರು. ಹವ್ಯಾಸಿಗಳು ಬರೆದ ಸಾದಾ ಪುಸ್ತಕ. ವಿಜ್ಞಾನಿಗಳು ಅದನ್ನು ಬಿಡಿಸಿ ನೋಡಿದರೆ, ಹೊಳೆಯಲ್ಲಿ ಮಹಶೀರ್ ಸಿಕ್ಕುತ್ತಿತ್ತು ನಿಜ, ಆದರೆ ಬಗೆಯೇ ಬದಲಾಗುತ್ತಿತ್ತು! ಕಾವೇರಿಯ ಸ್ವಂತ ತಳಿಯಾದ ಗೂನುಬೆನ್ನಿನ ಮಹಶೀರ್ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತ, ಹೊರಗಿನಿಂದ ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿತ್ತು. ಒಳ್ಳೆಯದಾಗಲಿ ಎಂದೇ ಮರಿ ಬಿಟ್ಟಿದ್ದರು. ಮನೆಮಗನ ತಟ್ಟೆಗೆ ನೆಂಟ ಕೈ ಹಾಕಿದಂತಾಯಿತು.

ಇನ್ನೂ ಸೋಜಿಗವೆಂದರೆ, ಲೋಕವೆಲ್ಲ ಕೊಂಡಾಡಿದ ಆ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತುಮಾಡಿದ್ದು 2018ರಲ್ಲಿ. ಕಾವೇರಿಯ ಉಪನದಿಯಾದ ಕೇರಳದ ಪಾಂಬಾರ್ ಹೊಳೆಯ ಮೀನಿಗೆ 2007ರಲ್ಲಿ ಇಟ್ಟಿದ್ದ 'ಟಾರ್ ರೆಮದೇವಿ' ಎಂಬ ಹೆಸರೇ ಇದಕ್ಕೂ ಸಲ್ಲುತ್ತದೆಂದು ತಿಳಿದುಬಂತು. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೂ ಸೇರಿತು. ನಾಮಕರಣಕ್ಕೂ ಕೊನೆಯುಸಿರಿಗೂ ಒಂದೇ ಮುಹೂರ್ತ ಎನ್ನುವ ಹಾಗೆ! ಇದನ್ನು ಹೊರಗೆ ತಂದದ್ದು ಯಾವ ಕ್ಯಾಮೆರಾವೂ ಅಲ್ಲ. ದಿನಾ ಸಂಜೆ ಪೆನ್ಸಿಲ್ ಹಿಡಿದು ಬರೆದ ಲೆಕ್ಕವೂ, ಹೊಳೆ ಹೊಳೆ ಅಲೆದ ಸಂಶೋಧಕರ ದುಡಿಮೆಯೂ.

ಇಬ್ಬರು ಮುದುಕರು ತೋರಿಸಿದ ದಾರಿ

ಟೀವಿಯವರೆಲ್ಲ ಹೀಗೇ ಎಂದು ಗೊಣಗಿ ಮುಗಿಸುವುದು ನ್ಯಾಯವಲ್ಲ. 2018ರಲ್ಲಿ ಬಿಬಿಸಿಯಲ್ಲಿ ಬಾಬ್ ಮಾರ್ಟಿಮರ್, ಪಾಲ್ ವೈಟ್‌ಹೌಸ್ ಎಂಬ ಇಬ್ಬರು ಹಾಸ್ಯನಟರು ಮೀನು ಹಿಡಿಯಲು ಹೊರಟರು. ಇಬ್ಬರಿಗೂ ಹೃದಯದ ಕಾಯಿಲೆ. ಮಾರ್ಟಿಮರ್‌ಗೆ 2015ರಲ್ಲಿ ಬೈಪಾಸ್ ಆಗಿತ್ತು. ಮನೆಯಲ್ಲಿ ಮಂಕಾಗಿ ಕೂತಿದ್ದ ಗೆಳೆಯನನ್ನು ಇನ್ನೊಬ್ಬ ಹೊಳೆದಂಡೆಗೆ ಎಳೆದುಕೊಂಡು ಹೋದದ್ದೇ ಕಾರ್ಯಕ್ರಮವಾಯಿತು. ಇದರಲ್ಲಿ ಕಾಯುವುದನ್ನು ಕತ್ತರಿಸಲಿಲ್ಲ, ಕಾಯುವುದನ್ನೇ ತೋರಿಸಿದರು. ಸಾವು, ಔಷಧಿ, ಹಳೇ ಸ್ನೇಹ ಎಲ್ಲ ಮಾತಾದವು. ಮೀನು ಸಿಕ್ಕರೂ ಸರಿ, ಸಿಕ್ಕದಿದ್ದರೂ ಸರಿ.

ಅದಕ್ಕಿಂತ ಮುಖ್ಯವಾದದ್ದು 2023ರಲ್ಲಿ ನಡೆಯಿತು. ಅದೇ ವೈಟ್‌ಹೌಸ್ ಗಾಳ ಬದಿಗಿಟ್ಟು, ಇಂಗ್ಲೆಂಡಿನ ಹೊಳೆಗಳಿಗೆ ಕಕ್ಕಸಿನ ನೀರು ಹೇಗೆ ಸೇರುತ್ತಿದೆ, ನೀರಿನ ಕಂಪನಿಗಳು ಏನು ಮಾಡುತ್ತಿವೆ ಎಂದು ಬಿಬಿಸಿಯಲ್ಲೇ ಎರಡು ಕಂತಿನಲ್ಲಿ ಬಿಚ್ಚಿಟ್ಟ. ಮೀನು ಹಿಡಿದು ಜನಪ್ರಿಯನಾದವನು ಮೀನಿನ ನೀರಿಗಾಗಿ ಬಾಯಿಬಿಟ್ಟ. ನಿರೂಪಕ ಎಂದರೆ ಇವನು! ಹೊಳೆಯ ಉಪ್ಪು ತಿಂದ ಮೇಲೆ ಹೊಳೆಯ ಪರವಾಗಿ ಒಂದು ಮಾತು ಆಡಬೇಕಾದದ್ದು ಧರ್ಮ.

ಇಲ್ಲಿ ಆಡಬೇಕಾದ ಮಾತು ಕಡಿಮೆಯಿದೆಯೇ? ಬೆಂಗಳೂರಿನ ಕೊಳೆ ಹೊತ್ತ ವೃಷಭಾವತಿ ಅರ್ಕಾವತಿಗೆ ಬೀಳುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಮೇಕೆದಾಟು ನೋಡಲು ಹೋದವರಿಗೆಲ್ಲ ಸಂಗಮ ಗೊತ್ತು. ಮರಳು ತೆಗೆದ ಹೊಳೆ, ಒಡ್ಡು ಕಟ್ಟಿದ ಹೊಳೆ, ಸಿಡಿಮದ್ದು ಬಿದ್ದ ಮಡು, ಇವು ಯಾವ ಮೀನಿನ ಕಾರ್ಯಕ್ರಮದಲ್ಲಿ ಬಂದಿವೆ?

ಟೀವಿ ಇಲ್ಲದೆಯೂ ಮೀನು ಕಾಯುವ ಪದ್ಧತಿ ಈ ನಾಡಿನಲ್ಲಿತ್ತು, ಇದೆ. ಶೃಂಗೇರಿಯ ತುಂಗೆಯಲ್ಲಿ, ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದ ಮುಂದಿನ ಮೀನು ದೇವರ ಮೀನು. ಅಕ್ಕಿ, ಮಂಡಕ್ಕಿ ಹಾಕುತ್ತಾರೆಯೇ ಹೊರತು ಗಾಳ ಹಾಕುವುದಿಲ್ಲ. 1996ರಲ್ಲಿ ಶಿಶಿಲದ ಹೊಳೆಗೆ ವಿಷ ಬಿದ್ದು ಮೀನುಗಳು ರಾಶಿರಾಶಿ ಸತ್ತಾಗ ಊರಿಗೆ ಊರೇ ಸೂತಕದಲ್ಲಿತ್ತು, ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಅಂಥ ನಾಡಿಗೆ ಮೀನನ್ನು ಬಿಡುವುದು ಹೇಗೆಂದು ಸಾಹೇಬರಿಂದ ಕಲಿಯಬೇಕಾಗಿಲ್ಲ.

ಮೈಕು ಯಾರಿಗೆ?

ಇವತ್ತು ಮೊಬೈಲ್ ಇದ್ದವನೆಲ್ಲ ನಿರೂಪಕ. ಕೆರೆ ಏರಿಯ ಮೇಲೆ, ಸೇತುವೆ ಕೆಳಗೆ ಗಾಳ ಹಾಕಿ, 'ಫ್ರೆಂಡ್ಸ್, ಬಂತು ನೋಡಿ ಬಂತು!' ಎಂದು ಕೂಗುವ ಹುಡುಗರು ಕನ್ನಡದಲ್ಲೇ ಬೇಕಾದಷ್ಟಿದ್ದಾರೆ. ಉತ್ಸಾಹ ಒಳ್ಳೆಯದೇ. ಆದರೆ ವಿದೇಶದ ನಿರೂಪಕರಿಂದ ಅವರು ಕಲಿತದ್ದು ಕೂಗುವುದನ್ನು ಮಾತ್ರ. ಮೊಟ್ಟೆಯಿಡುವ ಕಾಲದಲ್ಲಿ ಹಿಡಿಯಬಾರದೆಂಬುದನ್ನು, ಗೇಣುದ್ದದ ಮರಿಯನ್ನು ಬಿಡಬೇಕೆಂಬುದನ್ನು, ಧಾಮದೊಳಗೆ ಕಾಲಿಡಬಾರದೆಂಬುದನ್ನು ಯಾರು ಹೇಳಬೇಕು?

ಹೇಳಬಲ್ಲವನು ಒಬ್ಬನಿದ್ದಾನೆ. ಅವನು ಇನ್ನೂ ಹೊಳೆದಂಡೆಯ ಹಳ್ಳಿಗಳಲ್ಲಿದ್ದಾನೆ. ಬಿಳಿಮೀನು ಯಾವ ತಿಂಗಳಲ್ಲಿ ಯಾವ ಬಂಡೆಯ ಮರೆಯಲ್ಲಿರುತ್ತಿತ್ತು, ಈಗ ಯಾಕಿಲ್ಲ ಎಂಬುದನ್ನು ಪುಸ್ತಕ ನೋಡದೆ ಹೇಳಬಲ್ಲ. ಅವನಿಗೆ ವಯಸ್ಸಾಗುತ್ತಿದೆ. ಅವನ ಮಗ ಬೆಂಗಳೂರಿನ ಕಡೆ ಮುಖ ಮಾಡಿದರೆ ಆ ವಿದ್ಯೆ ಅವನೊಂದಿಗೇ ಹೋಗುತ್ತದೆ. ರೈತರಿಗೆ ಬೆಳೆಯ ಪಾಠ ಹೇಳಿದ ದೂರದರ್ಶನ ಚಂದನವಾಗಲಿ, ಹಗಲಿರುಳು ಜಗಳ ತೋರಿಸುವ ಖಾಸಗಿ ಚಾನೆಲ್ಲುಗಳಾಗಲಿ, ವಾರಕ್ಕೆ ಅರ್ಧ ಗಂಟೆ ಅವನಿಗೆ ಕೊಡಲಿ. ಮೀನು ಹಿಡಿಸುವುದೇ ಬೇಡ. ತೆಪ್ಪದಲ್ಲಿ ಕೂರಿಸಿ, ಮೈಕು ಕೊಟ್ಟು, 'ಅಣ್ಣ, ಹೊಳೆ ಹೆಂಗಿತ್ತು, ಹೆಂಗಾಯ್ತು ಹೇಳು' ಎಂದು ಕೇಳಿದರೆ ಸಾಕು. ಅರಣ್ಯ ಇಲಾಖೆಯೂ ಅಂಥವರನ್ನು ದಿನಗೂಲಿ ಕಾವಲುಗಾರರೆಂದಷ್ಟೇ ಕಾಣದೆ, ಮೀನಿನ ಲೆಕ್ಕ ಬರೆಯುವ ಕೆಲಸ ವಹಿಸಿ ಸಂಬಳ ಕೊಡಲಿ. ಗಾಳಿಬೋರೆಯ ಪುಸ್ತಕದಲ್ಲಿ 2012ರ ನಂತರದ ಹಾಳೆಗಳು ಖಾಲಿ. ಅವನ್ನು ತುಂಬಿಸುವವರು ಬೇಕು.

54 ಕಿಲೋ ಮೀನು ಹಿಡಿದವರ ಹೆಸರು ಎಂಬತ್ತು ವರ್ಷವಾದರೂ ನೆನಪಿದೆ. ಅಂಥ ಮೀನು ಇನ್ನೊಂದು ಉಳಿದಿದ್ದರೆ ಅದರ ವಿಳಾಸ ಗೊತ್ತಿರುವುದು ತೆಪ್ಪದವನಿಗೆ. ಅವನನ್ನು ಕೇಳುವುದು ತಡವಾದರೆ, ಮುಂದಿನವರಿಗೆ ಬಿಳಿಮೀನು ಟೀವಿಯಲ್ಲೇ ಗತಿ. ಅದೂ ಹಳೇ ಕಂತಿನಲ್ಲಿ.