ವಾಕಿಂಗ್ ಹೋಗು ಎಂದರೆ ಸಾಲದು, ಜೊತೆಗೆ ಹೊರಡಬೇಕು

ಮನಸ್ಸು ಕುಗ್ಗಿ ಕೂತವರಿಗೆ ನಮ್ಮ ಮನೆಗಳಲ್ಲಿ ಸಿಗುವ ಮೊದಲ ಸಲಹೆ, ‘ಒಂದೇ ಕಡೆ ಕೂರಬೇಡ, ನಾಲ್ಕು ಹೆಜ್ಜೆ ಓಡಾಡಿಕೊಂಡು ಬಾ’ ಎಂಬುದು. ಈ ಮಾತಿನಲ್ಲಿ ಹುರುಳಿದೆ. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಮರ್ಶೆಯೊಂದು 218 ಪ್ರಯೋಗಗಳನ್ನು, ಅವುಗಳಲ್ಲಿ ಭಾಗಿಗಳಾದ 14,170 ಜನರ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿತು. ನಡಿಗೆ, ನಿಧಾನದ ಓಟ, ಯೋಗ, ಸ್ನಾಯು ಬಲಪಡಿಸುವ ವ್ಯಾಯಾಮ ಇವೆಲ್ಲ ಖಿನ್ನತೆಯನ್ನು ಸಾಕಷ್ಟು ಇಳಿಸುತ್ತವೆ ಎಂದು ಅದಕ್ಕೆ ಕಂಡಿತು. ಅದಕ್ಕೂ ಬಹಳ ಹಿಂದೆ, 1999ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂತಾಲ್ ಮತ್ತು ಸಂಗಡಿಗರು ಐವತ್ತು ದಾಟಿದ 156 ರೋಗಿಗಳಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಮಾತ್ರೆ, ಉಳಿದವರಿಗೆ ಎರಡನ್ನೂ ಕೊಟ್ಟು ನೋಡಿದ್ದರು. ಮಾತ್ರೆ ಬೇಗ ಕೆಲಸ ಮಾಡಿತು. ಆದರೆ ಹದಿನಾರು ವಾರ ಮುಗಿಯುವ ಹೊತ್ತಿಗೆ ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಹಾಗಿದ್ದರೂ ನಮ್ಮ ಸಲಹೆ ಬಹುಪಾಲು ವ್ಯರ್ಥವಾಗುತ್ತದೆ. ಏಕೆಂದರೆ ಖಿನ್ನತೆ ಮೊದಲು ಕಸಿದುಕೊಳ್ಳುವುದೇ ಎದ್ದು ಹೊರಡುವ ಮನಸ್ಸನ್ನು. ಹೊರಡಲಾಗದ್ದೇ ಕಾಯಿಲೆಯಾಗಿರುವಾಗ ‘ಹೊರಡು’ ಎಂದು ಹೇಳಿ ಸುಮ್ಮನಾಗುವುದು ಚಿಕಿತ್ಸೆಯಲ್ಲ. ಹೋಗಲಾಗದೆ ಉಳಿದವರ ಎದೆಯ ಮೇಲೆ ಅದು ಇನ್ನೊಂದು ತಪ್ಪಿನ ಭಾರ ಹೇರುತ್ತದೆ.

ಬರೀ ಸಲಹೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಒಂದು ಪರೀಕ್ಷೆ ನಡೆದಿದೆ. ಬ್ರಿಟನ್ನಿನಲ್ಲಿ ಖಿನ್ನತೆಯಿದ್ದ 361 ಜನರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಸಲಹೆಗಾರರನ್ನು ಒದಗಿಸಲಾಗಿತ್ತು. ಅವರು ಭೇಟಿಯಾಗಿ, ಫೋನ್ ಮಾಡಿ, ಚಟುವಟಿಕೆ ಹೆಚ್ಚಿಸಿಕೊಳ್ಳಲು ಹುರಿದುಂಬಿಸಿದರು. ಓಡಾಟ ಹೆಚ್ಚಾಯಿತೆಂದು ರೋಗಿಗಳೇ ಹೇಳಿದರು. ಖಿನ್ನತೆ ಮಾತ್ರ ಉಳಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಇದಕ್ಕೆ ಎದುರಾಗಿ ಡ್ಯೂಕ್ ತಂಡದ 2007ರ ಅಧ್ಯಯನವನ್ನು ಯಾರಾದರೂ ಮುಂದಿಡಬಹುದು. ಅಲ್ಲಿ ಮೇಲ್ವಿಚಾರಣೆಯಲ್ಲಿ ಗುಂಪಾಗಿ ವ್ಯಾಯಾಮ ಮಾಡಿದವರಲ್ಲಿ ಶೇ 45 ಮಂದಿ ಚೇತರಿಸಿಕೊಂಡರೆ, ಮನೆಯಲ್ಲಿ ತಾವೇ ಮಾಡಿಕೊಂಡವರಲ್ಲಿ ಶೇ 40 ಮಂದಿ ಚೇತರಿಸಿಕೊಂಡಿದ್ದರು. ಅಂತರ ದೊಡ್ಡದಲ್ಲ, ಒಪ್ಪಬೇಕು. ಆದರೆ ಇಂಥ ಪ್ರಯೋಗಕ್ಕೆ ಹೆಸರು ಕೊಟ್ಟು, ಆಸ್ಪತ್ರೆಯ ತನಕ ಬಂದವರು ಆಗಲೇ ಹೊಸ್ತಿಲು ದಾಟಿದವರು. ಹಾಸಿಗೆಯಿಂದ ಏಳಲಾಗದವರು ಯಾವ ಅಧ್ಯಯನದ ಪಟ್ಟಿಯಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಅವರಿಗಾಗಿಯೇ ಜೊತೆ ಬೇಕು ಎನ್ನುತ್ತಿರುವುದು.

ಹುಮ್ಮಸ್ಸು ಬರಲಿ, ಆಮೇಲೆ ನಡೆಯೋಣ ಎಂದು ಕಾದರೆ ಆಗದು. ಮೊದಲು ಸಣ್ಣದೊಂದು ಕೆಲಸ ಮಾಡಿದರೆ ಹುಮ್ಮಸ್ಸು ಅದರ ಹಿಂದೆ ಬರುತ್ತದೆ ಎಂಬ ತತ್ವದ ಮೇಲೆ ನಿಂತ ಚಿಕಿತ್ಸೆಯೊಂದನ್ನು ಪಕ್ಕದ ಗೋವಾದಲ್ಲೇ ಪರೀಕ್ಷಿಸಿದ್ದಾರೆ. ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ 495 ರೋಗಿಗಳು ಅದರಲ್ಲಿದ್ದರು. ಚಿಕಿತ್ಸೆ ಕೊಟ್ಟವರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಮಾಮೂಲಿ ಆರೈಕೆಯಷ್ಟೇ ಸಿಕ್ಕವರಿಗಿಂತ ಇವರ ಕೈಗೆ ಸಿಕ್ಕವರಲ್ಲಿ ಹೆಚ್ಚು ಜನ ಚೇತರಿಸಿಕೊಂಡರೆಂದು 2017ರಲ್ಲಿ ಲ್ಯಾನ್ಸೆಟ್ ವರದಿ ಮಾಡಿತು. ಅದು ವ್ಯಾಯಾಮದ ಪ್ರಯೋಗವಲ್ಲ, ದಿನದ ಚಟುವಟಿಕೆಗಳನ್ನು ಮರಳಿ ಹಿಡಿಸುವ ಪ್ರಯೋಗ. ಆದರೂ ದಾರಿ ತೋರಿಸುತ್ತದೆ. ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಗಳ ಮನೋಚೈತನ್ಯ ಕ್ಲಿನಿಕ್‌ಗಳಿವೆ, ಊರೂರಿಗೆ ಆಶಾ ಕಾರ್ಯಕರ್ತೆಯರಿದ್ದಾರೆ. ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ ‘ವಾರಕ್ಕೆ ಮೂರು ದಿನ, ಹತ್ತು ನಿಮಿಷ, ಸಂಜೆ, ಅಕ್ಕನ ಜೊತೆ’ ಎಂದು ಬರೆಯುವುದಕ್ಕೆ ಏನೂ ಖರ್ಚಿಲ್ಲ. ಮುಂದಿನ ಭೇಟಿಯಲ್ಲಿ ಅಕ್ಕನನ್ನೂ ವಿಚಾರಿಸಬೇಕು, ಅಷ್ಟೆ. ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಇರುವ ಹೊರೆ ನೋಡಿದರೆ, ಹೀಗೆ ವಿಚಾರಿಸುವ ಕೆಲಸಕ್ಕೆ ಬೇರೆ ಗೌರವಧನವನ್ನೂ ಕೊಡಬೇಕಾದ್ದು ನ್ಯಾಯ. ಇನ್ನು ಪ್ರಮಾಣದ ಮಾತು: ಸುಮಾರು 1,91,000 ಜನರ ಮಾಹಿತಿ ಒಟ್ಟುಗೂಡಿಸಿದ 2022ರ ಒಂದು ವಿಶ್ಲೇಷಣೆಯಲ್ಲಿ, ವಾರಕ್ಕೆ ಒಂದೂಕಾಲು ಗಂಟೆ ಚುರುಕಾಗಿ ನಡೆಯುವಷ್ಟು ಚಟುವಟಿಕೆಯಿದ್ದವರಲ್ಲಿ, ಚಟುವಟಿಕೆಯೇ ಇಲ್ಲದವರಿಗಿಂತ, ಖಿನ್ನತೆಯ ಅಪಾಯ ಶೇ 18ರಷ್ಟು ಕಡಿಮೆಯಿತ್ತು. ಮನಸ್ಸು ಹಗುರವಾಗಿದ್ದವರೇ ಹೆಚ್ಚು ನಡೆದಿರಬಹುದಲ್ಲ ಎಂಬ ಸಂಶಯ ಸಹಜ, ಆ ಅಂಕಿಯೊಂದರಿಂದ ಅದು ಪೂರ್ತಿ ಪರಿಹಾರವಾಗುವುದೂ ಇಲ್ಲ. ಹಾಗಾಗಿಯೇ ಮೇಲಿನ ಪ್ರಯೋಗಗಳನ್ನು ಮೊದಲು ಹೇಳಿದ್ದು.

ವ್ಯಾಯಾಮ ಹೊಗಳುವವರು ಔಷಧದಿಂದ ಜನರನ್ನು ದೂರ ಮಾಡುತ್ತಾರೆ ಎಂಬ ಮನೋವೈದ್ಯರ ಆತಂಕ ನಿಜವಾದದ್ದು. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಖಿನ್ನತೆಯಿರುವ ನೂರರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಹೀಗಿರುವಾಗ ‘ಮಾತ್ರೆ ಬಿಡು, ಪಾರ್ಕಿಗೆ ಹೋಗು’ ಎನ್ನುವುದು ಅಪಾಯಕಾರಿ. ತೀವ್ರ ಖಿನ್ನತೆಗೆ ವೈದ್ಯರೇ ಬೇಕು. ಬದುಕು ಸಾಕೆನ್ನಿಸಿದವರು ಒಂದು ದಿನವೂ ಕಾಯದೆ ಟೆಲಿ ಮನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಬೇಕು, ಅಥವಾ ಅವರ ಪರವಾಗಿ ಮನೆಯವರು ಮಾಡಬೇಕು. ನಡಿಗೆ ಔಷಧದ ಜೊತೆಗೆ ನಿಲ್ಲುವಂಥದ್ದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೊಲ, ಗಾರ್ಮೆಂಟ್ಸ್ ಮತ್ತು ಅಡುಗೆಮನೆಗಳಿಂದ ಬರುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಮೈ ಮುರಿದು ದುಡಿಯುವ ಹೆಂಗಸಿಗೆ ಇನ್ನೂ ವ್ಯಾಯಾಮವೇ? ಕಳೆ ಕಿತ್ತು, ನೀರು ಹೊತ್ತವಳಿಗೆ ವಾಕಿಂಗ್ ಹೇಳುವುದು ಕ್ರೌರ್ಯವಲ್ಲವೇ? ಸಂಶೋಧನೆಗಳೂ ಈ ಪ್ರಶ್ನೆಯ ಪರವಾಗಿಯೇ ಇವೆ. ಬಿಡುವಿನಲ್ಲಿ, ತನ್ನಿಷ್ಟದಿಂದ ಮಾಡುವ ಚಟುವಟಿಕೆಗೂ ಮನಸ್ಸಿನ ನೆಮ್ಮದಿಗೂ ಕಾಣುವ ನಂಟು ಕೂಲಿಯ ಶ್ರಮಕ್ಕೂ ನೆಮ್ಮದಿಗೂ ಕಾಣುವುದಿಲ್ಲ. ಹಾಗಾದರೆ ಅವಳಿಗೆ ಕೊರತೆಯಿರುವುದು ಶ್ರಮದ್ದಲ್ಲ, ಯಾರ ಕೆಲಸಕ್ಕೂ ಸೇರದ ಹೊತ್ತಿನದು. ಅವಳ ಪಾಲಿಗೆ ಹಗುರ ವ್ಯಾಯಾಮವೆಂದರೆ ನೆರೆಯವಳೊಂದಿಗೆ ಕೆರೆ ಏರಿಯ ಮೇಲೆ ಕೈ ಬೀಸಿ ನಡೆಯುವುದಿರಬಹುದು, ಸ್ವಸಹಾಯ ಸಂಘದ ಸಭೆಗೆ ಮುಂಚೆ ಎಲ್ಲರೂ ಸೇರಿ ಮಾಡುವ ನಾಲ್ಕು ಆಸನಗಳಿರಬಹುದು. ಅದಕ್ಕೆ ಶಾಲೆಯ ಮೈದಾನದ ಗೇಟು ಸಂಜೆ ತೆರೆದಿರಬೇಕು, ಬೀದಿದೀಪ ಉರಿಯುತ್ತಿರಬೇಕು. ಇವು ಗ್ರಾಮ ಪಂಚಾಯಿತಿಯ ಕೈಯಲ್ಲೇ ಆಗುವ ಕೆಲಸಗಳು. ಅವಳು ಹೊರಗಿರುವ ಆ ಅರ್ಧ ಗಂಟೆ ರೊಟ್ಟಿ ಬಡಿಯುವವರು, ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಮಾತ್ರ ಮನೆಯ ಗಂಡಸರು ಕೂತು ತೀರ್ಮಾನಿಸಬೇಕು.