ಪುರಸಭೆಯ ಬಾಗಿಲಲ್ಲಿ ನಾವೇಕೆ ಯಾಚಕರು?

ಜುಮಾ ನಮಾಝ್ ಮುಗಿಸಿ ಮಸೀದಿಯಿಂದ ಹೊರಬರುವ ವಾರ್ಡ್ ಸದಸ್ಯರನ್ನು ನಾಲ್ಕಾರು ಮಂದಿ ಸುತ್ತುವರಿಯುವ ನೋಟ ಭಾಲ್ಕಿಯಲ್ಲಾಗಲಿ, ಬೀದರ್, ಔರಾದ್‌ಗಳಲ್ಲಾಗಲಿ ಅಪರೂಪವೇನಲ್ಲ. ಒಬ್ಬರ ಮನೆಯ ಮುಂದಿನ ಚರಂಡಿ ಶುಚಿಯಾಗಬೇಕಿದೆ. ಇನ್ನೊಬ್ಬರ ಓಣಿಯ ದೀಪ ಕೆಟ್ಟು ತಿಂಗಳಾಗಿದೆ. ಮತ್ತೊಬ್ಬರಿಗೆ ಮಗುವಿನ ಜನನ ಪ್ರಮಾಣಪತ್ರದಲ್ಲಿರುವ ತಪ್ಪನ್ನು ತಿದ್ದಿಸಬೇಕಿದೆ. ಕೇಳುವ ಧಾಟಿಯಾದರೋ ಒಂದೇ: "ಸಾಹೇಬರೇ, ಸ್ವಲ್ಪ ಮೆಹರ್ಬಾನಿ ಮಾಡಿ." ಕೆಲಸವಾದರೆ ಅದು ಸದಸ್ಯರ ಉಪಕಾರ, ಆಗದಿದ್ದರೆ ನಮ್ಮ ನಸೀಬು. ಚುನಾವಣೆ ಬಂದಾಗ ಆ ಉಪಕಾರದ ಋಣವನ್ನು ಮತದ ಮೂಲಕ ತೀರಿಸಬೇಕಾಗುತ್ತದೆ.

ಇಂತಹ ಯಾಚನೆಯನ್ನು ಕಾನೂನು ಎಲ್ಲಿಯೂ ಬಯಸಿಲ್ಲ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ಪುರಸಭೆಯ ಕಾರ್ಯಗಳನ್ನು ಎರಡು ಭಾಗ ಮಾಡಿದೆ. ಬೀದಿ ದೀಪ, ರಸ್ತೆ ಮತ್ತು ಚರಂಡಿಗಳ ಶುಚಿತ್ವ, ಕುಡಿಯುವ ನೀರು, ಶವಸಂಸ್ಕಾರದ ಸ್ಥಳಗಳ ನಿರ್ವಹಣೆ, ಜನನ-ಮರಣಗಳ ನೋಂದಣಿ ಇವೆಲ್ಲ 87ನೇ ಪ್ರಕರಣದಡಿ ಕಡ್ಡಾಯ ಕರ್ತವ್ಯಗಳು. ಉದ್ಯಾನ, ಗ್ರಂಥಾಲಯಗಳಂಥವು 91ನೇ ಪ್ರಕರಣದಡಿ ಪುರಸಭೆಯ ವಿವೇಚನೆಗೆ ಬಿಟ್ಟವು. ಉದ್ಯಾನಕ್ಕೆ ಹಣವಿಲ್ಲವೆಂದರೆ ಕೇಳಿಸಿಕೊಳ್ಳಬಹುದು, ಚರಂಡಿಗೆ ಹಣವಿಲ್ಲವೆಂದರೆ ಕೇಳಿಸಿಕೊಳ್ಳಲಾಗದು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿತು. 2011ರ ಜನಗಣತಿಯಂತೆ ಸುಮಾರು 40 ಸಾವಿರ ಜನರಿರುವ ಭಾಲ್ಕಿಗೆ ಪುರಸಭೆಯಿದೆ, ಔರಾದಿಗೆ ಪಟ್ಟಣ ಪಂಚಾಯತಿಯಿದೆ. ಬೀದರ್ ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿಸಲು 2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಸೇರಿದ ಸಚಿವ ಸಂಪುಟ ನಿರ್ಧರಿಸಿತು. ಫಲಕದ ಮೇಲಿನ ಹೆಸರು ಏನೇ ಆಗಲಿ, ಓಣಿಯ ಚರಂಡಿಯ ಹೊಣೆ ಬದಲಾಗದು.

ಇವುಗಳಲ್ಲಿ ನಮ್ಮ ಕುಟುಂಬಗಳಿಗೆ ಅತ್ಯಂತ ತುರ್ತಿನದು ಜನನ ನೋಂದಣಿ. ಏಳನೇ ದಿನದ ಅಕೀಕಾಕ್ಕೆ ಬಂಧುಗಳನ್ನೆಲ್ಲ ಕರೆಯುವ ನಾವು ಇಪ್ಪತ್ತೊಂದನೇ ದಿನವನ್ನು ಮರೆಯುತ್ತೇವೆ. 21 ದಿನಗಳೊಳಗೆ ನೋಂದಣಿ ಉಚಿತ. 30 ದಿನಗಳವರೆಗೆ ತಡ ಶುಲ್ಕ, ಆ ಬಳಿಕ ಅಧಿಕಾರಿಯ ಅನುಮತಿ. ಒಂದು ವರ್ಷ ಕಳೆದರೆ ದಂಡಾಧಿಕಾರಿಯ ಆದೇಶವೇ ಬೇಕು. ಹೆಸರಿಡುವ ಮುನ್ನವೂ ನೋಂದಾಯಿಸಬಹುದು. ವರ್ಷದೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಿಕೊಳ್ಳಬಹುದು. ಆಸ್ಪತ್ರೆಯ ಹೆರಿಗೆಯನ್ನು ಆಸ್ಪತ್ರೆಯೇ ವರದಿ ಮಾಡಬೇಕು, ಮನೆಯಲ್ಲಾದ ಹೆರಿಗೆಯನ್ನು ವರದಿ ಮಾಡುವ ಹೊಣೆ ಕುಟುಂಬದ ಹಿರಿಯರದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಆ ದಿನದ ನಂತರ ಜನಿಸಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವನ್ನೇ ಆಧಾರವಾಗಿಸಿದೆ. ಮಗನ ಪತ್ರದಲ್ಲಿ 'ಮೊಹಮ್ಮದ್', ತಂದೆಯ ಪಡಿತರ ಚೀಟಿಯಲ್ಲಿ 'ಮಹಮ್ಮದ್', ಆಧಾರ್‌ನಲ್ಲಿ ಬರೀ 'ಎಂಡಿ' ಎಂದಿದ್ದರೆ ಮುಂದೊಮ್ಮೆ ಯಾವ ಮೇಜಿನ ಮುಂದೆ ಎಷ್ಟು ಹೊತ್ತು ನಿಲ್ಲಬೇಕಾದೀತೆಂಬುದನ್ನು ಈ ಕೆಲವು ವರ್ಷಗಳಲ್ಲಿ ದಾಖಲೆಗಳ ಭಯವನ್ನು ಕಂಡ ಸಮುದಾಯಕ್ಕೆ ವಿವರಿಸಬೇಕಾಗಿಲ್ಲ. ಪೌರತ್ವದ ಕುರಿತು ಗಂಟೆಗಟ್ಟಲೆ ಭಾಷಣ ಮಾಡುವ ನಮ್ಮ ನಾಯಕರು ಒಂದು ದಿನ ಪುರಸಭೆಯ ನೋಂದಣಿ ವಿಭಾಗದ ಮುಂದೆ ಕುಳಿತು ಅರ್ಜಿ ತುಂಬಲು ನೆರವಾದರೆ ಹೆಚ್ಚು ಪ್ರಯೋಜನವಾದೀತು.

ಖಾತೆಯ ಕಥೆಯೂ ಇಂಥದ್ದೇ. ಅನುಮೋದನೆಯಿಲ್ಲದ ಬಡಾವಣೆಗಳಲ್ಲಿ ನಿವೇಶನ ಕೊಂಡು ಮನೆ ಕಟ್ಟಿದವರಿಗೆ ಬಿ-ಖಾತೆ ನೀಡುವ ಅಭಿಯಾನವನ್ನು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಆರಂಭಿಸಿತು. ದಲ್ಲಾಳಿಗಳ ಕೈಗೆ ಹಣವಿತ್ತವರೂ ಇದ್ದಾರೆ, ಸುದ್ದಿಯೇ ತಿಳಿಯದವರೂ ಇದ್ದಾರೆ. ಪುರಸಭೆಯ ನಿಧಿಯಲ್ಲಿ ಶೇ. 24.10 ಭಾಗ ಪರಿಶಿಷ್ಟ ಜಾತಿ, ಪಂಗಡಗಳಿಗೆ, ಶೇ. 7.25 ಭಾಗ ಇತರೆ ಬಡವರಿಗೆ, ಶೇ. 5 ಭಾಗ ಅಂಗವಿಕಲರಿಗೆ ಮೀಸಲು. ಈ ಶೇ. 7.25ರಲ್ಲಿ ನಮ್ಮ ಬಡ ವಿದ್ಯಾರ್ಥಿಗಳಿಗೂ ಪಾಲಿದೆ. ಅರ್ಜಿ ಹಾಕಿದವರೆಷ್ಟು ಎಂಬುದನ್ನು ಪ್ರತಿ ಮೊಹಲ್ಲಾ ತನ್ನನ್ನೇ ಕೇಳಿಕೊಳ್ಳಲಿ.

ಪ್ರಶ್ನಿಸಲು ಪ್ರತಿನಿಧಿಯೇ ಇಲ್ಲದ ಕಾಲವೂ ಇತ್ತು ಎಂಬುದು ನಿಜ. 2018ರಲ್ಲಿ ರಾಜ್ಯದ ಹಲವು ಪಟ್ಟಣಗಳ ಜನರು ಸದಸ್ಯರನ್ನು ಆರಿಸಿದರೂ ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ 2020ರವರೆಗೆ ಅಲ್ಲಿ ಅಧ್ಯಕ್ಷರೇ ಇರಲಿಲ್ಲ. ಮೊದಲ 30 ತಿಂಗಳ ಅವಧಿ ಮುಗಿದ ಬಳಿಕ ಎರಡನೆಯ ಅವಧಿಯ ಮೀಸಲಾತಿ ಪ್ರಕಟವಾದದ್ದು 2024ರ ಆಗಸ್ಟಿನಲ್ಲಿ. ನಡುವೆ ಆಡಳಿತಾಧಿಕಾರಿಗಳೇ ಎಲ್ಲವೂ. ಯಾವ ಪಕ್ಷದ ಸರಕಾರವೂ ಇದರಿಂದ ನಿದ್ರೆಗೆಟ್ಟಂತೆ ಕಾಣಲಿಲ್ಲ. ನಾವೂ ಕೆಡಲಿಲ್ಲವೆನ್ನುವುದು ವಿಷಾದದ ಸಂಗತಿ.

ಪುರಸಭೆಯನ್ನು ಪ್ರಶ್ನಿಸುವವರ ಕೈಯೂ ಶುದ್ಧವಾಗಿರಬೇಕು. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿಯಿದೆ; ವರ್ಷಗಟ್ಟಲೆ ಬಾಕಿಯಿಟ್ಟು ನೀರು ಬರಲಿಲ್ಲವೆಂದು ಕೂಗುವವರು ನಮ್ಮಲ್ಲಿಲ್ಲವೇ? ದಾರಿಯಿಂದ ತೊಡಕನ್ನು ಸರಿಸುವುದನ್ನೂ ಈಮಾನಿನ ಶಾಖೆಯೆಂದು ಪ್ರವಾದಿ(ಸ) ಕಲಿಸಿರುವಾಗ, ಬಕ್ರೀದ್‌ನ ಮರುದಿನ ಕುರ್ಬಾನಿಯ ತ್ಯಾಜ್ಯ ಚರಂಡಿಯಲ್ಲಿ ಕಂಡರೆ ಅದಕ್ಕೆ ಯಾವ ಅಧಿಕಾರಿಯನ್ನು ದೂರೋಣ? ಬಹಮನಿಗಳ ಕಾಲದಲ್ಲಿ ಬೀದರಿನ ನೌಬಾದ್‌ನಲ್ಲಿ ನೆಲದಡಿ ಸುರಂಗ ಕೊರೆದು ಅಂತರ್ಜಲವನ್ನು ಇಳಿಜಾರಿನ ಬಲದಿಂದಲೇ ಊರಿಗೆ ಹರಿಸಿದ ಕರೇಜ್ ವ್ಯವಸ್ಥೆಯ ಬಗ್ಗೆ ನಾವು ಹೆಮ್ಮೆಪಡುತ್ತೇವೆ. ಅದರ ಬಾವಿಗಳು ಹೂಳಿನಿಂದಲೂ ಕಸದಿಂದಲೂ ತುಂಬುವುದನ್ನು ತಲೆಮಾರುಗಳ ಕಾಲ ನೋಡುತ್ತ ನಿಂತವರೂ ನಾವೇ.

ಇನ್ನೊಂದು ವಿಷಯವನ್ನು ಹೇಳದೆ ವಿಧಿಯಿಲ್ಲ. ಪುರಸಭೆಯ ಸುಮಾರು ಅರ್ಧ ಸ್ಥಾನಗಳು ಮಹಿಳೆಯರಿಗೆ ಮೀಸಲು. ಗೆದ್ದವರು ಸಹೋದರಿ, ಫ್ಲೆಕ್ಸ್‌ನಲ್ಲಿ ರಾರಾಜಿಸುವ ಮುಖ ಪತಿಯದು, ಅಧಿಕಾರಿಯೆದುರು ಕುಳಿತು ಮಾತನಾಡುವವರೂ ಅವರೇ. ಎಲ್ಲ ಸಮುದಾಯಗಳಲ್ಲೂ ಹೀಗೆಯೇ ಅಲ್ಲವೇ ಎಂಬ ಸಮರ್ಥನೆ ನಮಗೆ ಒಪ್ಪಿಗೆಯಿಲ್ಲ. ಪರ್ದಾದ ನೆಪವೂ ನಿಲ್ಲದು. ಮದೀನಾದ ಮಾರುಕಟ್ಟೆಯ ಉಸ್ತುವಾರಿಯ ಕೆಲಸವನ್ನು ಖಲೀಫಾ ಉಮರ್(ರ) ಅವರು ಶಿಫಾ ಬಿಂತ್ ಅಬ್ದುಲ್ಲಾ(ರ) ಅವರಿಗೆ ಒಪ್ಪಿಸಿದ್ದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ನೀರಿನ ಕೊಡ ಹಿಡಿದು ನಲ್ಲಿಯ ಮುಂದೆ ಕಾಯುವವಳಿಗೆ ನೀರಿನ ಬಗ್ಗೆ ಸಭೆಯಲ್ಲಿ ಮಾತನಾಡಲು ಬಾರದೆಂದು ನಿರ್ಧರಿಸಿದವರು ಯಾರು? ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವ ಪತಿರಾಯರಿಗೆ, ಸಭೆಗೆ ಹೋಗುವವರು ಯಾರೆಂಬ ಪ್ರಶ್ನೆಯನ್ನು ಮನೆಯ ಬಾಗಿಲಲ್ಲೇ ಕೇಳಬೇಕು.

ಆಯವ್ಯಯಕ್ಕೆ ಮುನ್ನ, ಸಾಮಾನ್ಯವಾಗಿ ಡಿಸೆಂಬರ್-ಜನವರಿಯ ವೇಳೆಗೆ, ಪುರಸಭೆಗಳು ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಸಲಹೆ ಕೇಳುತ್ತವೆ. ಭಾಲ್ಕಿಯ ಪ್ರತಿ ಮಸೀದಿ ಕಮಿಟಿಯೂ ತನ್ನ ಮೊಹಲ್ಲಾದ ಹಿಂದೂ ನೆರೆಹೊರೆಯವರನ್ನೂ ಕೂಡಿಸಿಕೊಂಡು, ಮಹಿಳೆಯರನ್ನೂ ಜತೆಗೆ ಕರೆದುಕೊಂಡು, ಓಣಿಯ ಬೇಡಿಕೆಗಳ ಲಿಖಿತ ಪಟ್ಟಿಯೊಂದಿಗೆ ಆ ಸಭೆಗೆ ಹೋಗಲಿ. ಕೊಟ್ಟ ಪಟ್ಟಿಗೆ ಸ್ವೀಕೃತಿ ಪಡೆಯಲಿ. ಮೂರು ತಿಂಗಳ ನಂತರ ಮಾಹಿತಿ ಹಕ್ಕಿನಡಿ ಸಭೆಯ ನಡವಳಿಯ ಪ್ರತಿ ಕೇಳಿ ಪಡೆದು, ಮಸೀದಿಯ ಸೂಚನಾ ಫಲಕಕ್ಕೆ ಅಂಟಿಸಲಿ.