ಕಾಕಂಬಿಯಿಂದ ಪ್ಲಾಸ್ಟಿಕ್ ಆಗುತ್ತೆ, ಅಂಗಡಿಗೆ ಯಾಕೆ ಬರ್ತಿಲ್ಲ?

ಮಂಡ್ಯ: ಪ್ಲಾಸ್ಟಿಕ್ ಕವರ್ ಇಟ್ಟರೆ ದಂಡ, ಬಟ್ಟೆ ಚೀಲ ಕೊಟ್ಟರೆ ಲಾಭಕ್ಕೇ ಕತ್ತರಿ. ರಾಜ್ಯದಲ್ಲಿ 2016ರಲ್ಲೇ ಕ್ಯಾರಿಬ್ಯಾಗ್ ನಿಷೇಧವಾಯ್ತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟ, ತಟ್ಟೆ, ಸ್ಟ್ರಾಗಳಿಗೂ ದೇಶದಾದ್ಯಂತ ನಿಷೇಧ ಬಂತು. ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ ನಿಜಕ್ಕೂ ಇದೆಯಾ ಅನ್ನೋದು ಅಂಗಡಿಯವರ ಪ್ರಶ್ನೆ.

ಇದೆ. ಅದರ ಕಚ್ಚಾವಸ್ತು ಕಬ್ಬಿನ ಜಿಲ್ಲೆಗಳಲ್ಲೇ ಸಿಗುತ್ತೆ.

ಫ್ರಾನ್ಸಿನ ವಿಜ್ಞಾನಿ ಮೊರಿಸ್ ಲೆಮ್ವಾನ್ 1926ರಲ್ಲೇ ಇದನ್ನು ಬ್ಯಾಕ್ಟೀರಿಯಾದಲ್ಲಿ ಗುರುತಿಸಿದ್ದರು. ಕೆಲವು ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಧಾರಾಳವಾಗಿ ಕೊಟ್ಟು ಸಾರಜನಕ ಕಡಿಮೆ ಮಾಡಿದರೆ, ಅವು ಬೆಳೆಯೋದು ನಿಲ್ಲಿಸಿ ಹೆಚ್ಚಾದ ಆಹಾರವನ್ನು ಕಾಳುಗಳಾಗಿ ಮೈಯೊಳಗೆ ಕೂಡಿಡುತ್ತವೆ, ಮನುಷ್ಯನ ಮೈಯಲ್ಲಿ ಕೊಬ್ಬು ಸೇರುವ ಹಾಗೆ. ಒಣತೂಕದ ಶೇ 80ರವರೆಗೂ ಅದೇ ತುಂಬಿರಬಹುದು. ಈ ಕಾಳೇ ಪಿಎಚ್‌ಬಿ ಎಂಬ ಪ್ಲಾಸ್ಟಿಕ್. ಮಣ್ಣಿನ ಬೇರೆ ಜೀವಾಣುಗಳು ಅದನ್ನು ತಿಂದು ಕರಗಿಸುತ್ತವೆ.

ಬ್ರೆಜಿಲ್‌ನ ಸೆರಾನಾದಲ್ಲಿ 1990ರ ದಶಕದಲ್ಲೇ ಸಕ್ಕರೆ ಕಾರ್ಖಾನೆ ಜೊತೆ ಪ್ರಾಯೋಗಿಕ ಘಟಕ ಶುರುವಾಗಿತ್ತು. ಅಲ್ಲಿನ ಲೆಕ್ಕದಲ್ಲಿ 1 ಕೆ.ಜಿ. ಪ್ಲಾಸ್ಟಿಕ್‌ಗೆ ಸುಮಾರು 3 ಕೆ.ಜಿ. ಸಕ್ಕರೆ ಬೇಕು. ಒಂದು ಟನ್ ಕಬ್ಬು ಅರೆದರೆ 40-45 ಕೆ.ಜಿ. ಕಾಕಂಬಿ ಸಿಗುತ್ತೆ, ಅದರಲ್ಲಿ ಸಕ್ಕರೆ ಅಂಶ ಅರ್ಧದಷ್ಟು. ಅಂದರೆ ಟನ್ ಕಬ್ಬಿನ ಕಾಕಂಬಿಯಿಂದ ಸುಮಾರು 7 ಕೆ.ಜಿ. ಪ್ಲಾಸ್ಟಿಕ್ ಅಷ್ಟೇ!

ಕಗ್ಗಂಟು ಇರೋದು ಇಲ್ಲೇ. ಕಾಕಂಬಿ ಈಗ ತ್ಯಾಜ್ಯ ಅಲ್ಲ. ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್‌ಗೆ ಸರ್ಕಾರವೇ ದರ ಕಟ್ಟುತ್ತೆ, ತೈಲ ಕಂಪನಿಗಳು ಕೊಳ್ಳುತ್ತವೆ. ಗ್ಯಾರಂಟಿ ಗಿರಾಕಿ ಬಿಟ್ಟು ಕಾರ್ಖಾನೆಯವರು ಪ್ಲಾಸ್ಟಿಕ್ ಕಡೆ ಯಾಕೆ ಬರ್ತಾರೆ? ಜೊತೆಗೆ ಬೇರೆ ಸೂಕ್ಷ್ಮಜೀವಿ ಸೇರದ ಟ್ಯಾಂಕು, ನಿರಂತರ ಗಾಳಿ, ಕಾಳು ಬೇರ್ಪಡಿಸುವ ಖರ್ಚು. ಕೊನೆಗೆ ಬೆಲೆ ಮಾಮೂಲಿ ಪ್ಲಾಸ್ಟಿಕ್‌ಗಿಂತ ಹಲವು ಪಟ್ಟು.

ದಾರಿ ಪೂರ್ತಿ ಮುಚ್ಚಿಲ್ಲ. ಡೇರಿಯ ಹಾಲೊಡಕು ನೀರು, ಹೋಟೆಲಿನ ಕರಿದ ಎಣ್ಣೆಯಿಂದಲೂ ಬ್ಯಾಕ್ಟೀರಿಯಾ ಈ ಕೆಲಸ ಮಾಡಬಲ್ಲವು. ವಿಲೇವಾರಿಗೆ ಹೇಗೂ ಖರ್ಚಾಗುವ ಇಂಥ ತ್ಯಾಜ್ಯದಲ್ಲಿ ಶುರು ಮಾಡಿದರೆ ಲೆಕ್ಕ ಕೂಡಿಬರಬಹುದು. ಎಥೆನಾಲ್‌ಗೆ ಸಿಕ್ಕ ಖರೀದಿ ಭರವಸೆ ಇದಕ್ಕೂ ಬೇಕು ಅಷ್ಟೇ.

ಅಲ್ಲಿಯವರೆಗೆ ಅಂಗಡಿಯವರು ಹಸಿರು ಅಕ್ಷರದ 'ಬಯೋ' ಹೆಸರು ನೋಡಿ ಬಂಡಲ್ ಇಳಿಸಿಕೊಳ್ಳಬಾರದು. ಕಾಂಪೋಸ್ಟಬಲ್ ಚೀಲ ಮಾರಲು ತಯಾರಕರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕಡ್ಡಾಯ. ಚೀಲದ ಮೇಲೆ ತಯಾರಕರ ಹೆಸರು, ಪ್ರಮಾಣಪತ್ರ ಸಂಖ್ಯೆ ಇಲ್ಲದಿದ್ದರೆ ವಾಪಸ್ ಕಳಿಸೋದೇ ಲೇಸು. ಇಂಥ ಚೀಲಗಳಲ್ಲೂ ಹೆಚ್ಚಿನವು ಕರಗೋದು 60 ಡಿಗ್ರಿಯ ಆಸುಪಾಸು ಬಿಸಿ ಇರುವ ಕಾಂಪೋಸ್ಟ್ ಘಟಕದಲ್ಲಿ. ಚರಂಡಿಗೆ ಬಿದ್ದರೆ ಅವೂ ನೀರು ಕಟ್ಟಿಸುತ್ತವೆ. ದಾಳಿ ಆದಾಗ ದಂಡ ಕಟ್ಟೋದು ಮಾತ್ರ ಅಂಗಡಿಯವರೇ.